ಹನ್ನೊಂದರಿಂದ ಎಪ್ಪತ್ತು

ನನ್ನ ಭಾವನಿಗೂ ಎಂಟು ಎಂಬ ಸಂಖ್ಯೆಗೂ ಆಗಿಬರುವುದಿಲ್ಲ. ಸರಸ್ವತಿಪುರಂನಲ್ಲಿರುವ ಅವರ ಪರೀಕ್ಷಾ ಕೇಂದ್ರಕ್ಕೆ ಹೋಗಿ, ಕಂಪ್ಯೂಟರುಗಳ ಮೇಲೆ ಅಂಟಿಸಿರುವ ನಂಬರುಗಳನ್ನು ಓದುತ್ತ ನಡೆದರೆ ಐದು, ಆರು, ಏಳು ಆದ ಮೇಲೆ ಸೀದಾ ಒಂಬತ್ತು ಬರುತ್ತದೆ. ಮೊದಲ ಸಲ ನೋಡಿದವರು ನಡುವಿನದೊಂದು ರಿಪೇರಿಗೆ ಹೋಗಿರಬೇಕು ಅಂದುಕೊಳ್ಳುತ್ತಾರೆ. ಎಲ್ಲಿಗೂ ಹೋಗಿಲ್ಲ. ಅಲ್ಲಿ ಎಂಟು ಹುಟ್ಟಿಯೇ ಇಲ್ಲ.

ಭಾವ ಅಂದರೆ ನನ್ನ ಅಕ್ಕನ ಗಂಡ. ಹಣೆಗೆ ವಿಭೂತಿ, ಜೇಬಿನಲ್ಲಿ ಎರಡು ಪೆನ್ನು, ದವಡೆಯಲ್ಲಿ ಸದಾ ಒಂದು ಅಡಿಕೆ ಚೂರು. ಅವರ ತಂದೆ ಅದೇ ಕಟ್ಟಡದ ಮಹಡಿಯ ಮೇಲೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಕ್ಲಾಸು ಬಂತು, ಕ್ಲಾಸಿಗೆ ಬರುವವರು ಕಡಿಮೆಯಾದ ಮೇಲೆ ಸರ್ಕಾರಿ ಕೆಲಸಗಳಿಗೆ ನಡೆಯುವ ಆನ್‌ಲೈನ್ ಪರೀಕ್ಷೆ ಬಂತು. ಈಗ ತಿಂಗಳಿಗೆ ಎರಡು ಮೂರು ಭಾನುವಾರ ಮೆಟ್ಟಿಲ ತುಂಬ ಪ್ರವೇಶಪತ್ರ ಹಿಡಿದವರ ಸಾಲು. ಬೆಂಚುಗಳು ಮಾತ್ರ ಹಳೆಯವೇ. ಟೈಪ್‌ರೈಟರ್ ಕೂತು ಕೂತು ಬಿದ್ದ ಗುರುತುಗಳ ಮೇಲೆಯೇ ಈಗ ಕೀಬೋರ್ಡುಗಳಿವೆ.

ನಾನು ಇದೇ ಊರಿನ ಹೆಬ್ಬಾಳದ ಕಡೆ ಒಂದು ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವಳು. ವಾರವೆಲ್ಲ ಅಲ್ಲಿ, ಪರೀಕ್ಷೆಯಿದ್ದ ಭಾನುವಾರ ಭಾವನ ಕೇಂದ್ರದಲ್ಲಿ. ಸಂಬಳ ಎಷ್ಟು ಎಂದು ಕೇಳಬೇಡಿ, ಅಕ್ಕನ ಕೈಯ ಊಟವೇ ಸಂಬಳ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ನನ್ನ ಭಾವನಂಥವರ ಜೊತೆ ಕೆಲಸ ಮಾಡುವವರಿಗೆ ಕೋಪ ಇನ್ನೆಲ್ಲಿರಬೇಕು, ನೀವೇ ಹೇಳಿ.

ಎಂಟರ ವಿಷಯಕ್ಕೆ ನಾವಿಬ್ಬರೂ ಜಗಳವಾಡಿದ್ದಕ್ಕೆ ಲೆಕ್ಕವಿಲ್ಲ. ಕೇಂದ್ರ ಶುರು ಮಾಡುವಾಗ ಭಾವ ಒಂದೊಂದೇ ಸ್ಟಿಕ್ಕರ್ ಅಂಟಿಸುತ್ತ ಏಳರಿಂದ ಒಂಬತ್ತಕ್ಕೆ ಹಾರಿದ್ದನ್ನು ನೋಡಿ ನಾನು ಅಲ್ಲೇ ಶುರು ಹಚ್ಚಿಕೊಂಡಿದ್ದೆ.

"ಭಾವ, ನೀವು ಬಿಎಸ್‌ಸಿ ಓದಿದ್ದೀರಿ. ಕಂಪ್ಯೂಟರಿಗೂ ಶನಿ ಗಿನಿ ಅಂತ ಶುರು ಮಾಡ್ತೀರಲ್ಲ, ನಾಚಿಕೆ ಆಗಲ್ವಾ?"

"ಶನಿ ಅಂತ ಯಾರು ಹೇಳಿದ್ರು ನಿಂಗೆ?" ಅಂದರು ಭಾವ, ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಒತ್ತುತ್ತಾ. "ಅಪ್ಪನ ಕಾಲದಲ್ಲಿ ಎಂಟನೇ ನಂಬರಿನ ಟೈಪ್‌ರೈಟರ್ ಒಂದಿತ್ತು. ಅದರ ಮೇಲೆ ಪರೀಕ್ಷೆ ಬರೆದ್ರೆ ಫೇಲು ಅಂತ ಹುಡುಗೀರೆಲ್ಲಾ ನಂಬ್ಬುಟ್ಟಿದ್ರು. ಎಂಟು ಸಿಕ್ಕಿದೋಳು ಅಳ್ತಾ ಕೂತ್ಕೊಳೋಳು. ಅಳ್ತಾ ಟೈಪ್ ಮಾಡಿದ್ರೆ ಫೇಲಾಗ್ದೆ ಇನ್ನೇನಾಗುತ್ತೆ? ಕೊನೆಗೆ ಅಪ್ಪ ಆ ನಂಬರೇ ಕಿತ್ತಾಕ್ಬುಟ್ರು. ಮೆಷಿನ್ ಅಲ್ಲೇ ಇತ್ತು, ನಂಬರ್ ಮಾತ್ರ ಹೋಯ್ತು. ಆಮೇಲೆ ಅದರ ಮೇಲೆ ಕೂತೋರೂ ಪಾಸಾದ್ರು."

"ಅದೆಲ್ಲಾ ಇರ್ಲಿ. ನಿಮಗೆ ನಂಬಿಕೆ ಇದೆಯೋ ಇಲ್ವೋ?"

"ನಂಗಿಲ್ಲ ಕಣಮ್ಮ. ಬಂದು ಕೂತ್ಕೊಳೋರಿಗೆ ಇದ್ರೆ?"

ವಾದದಲ್ಲಿ ಸೋತಾಗ ನಾನು ಇನ್ನೂ ಜೋರಾಗಿ ಕೂಗುವವಳು, ಅಂದೂ ಕೂಗಿದೆ. ಭಾವ ಹೂಂಗುಟ್ಟುತ್ತ ಒಂಬತ್ತು, ಹತ್ತು, ಹನ್ನೊಂದು ಎಂದು ಅಂಟಿಸಿಕೊಂಡು ಹೋದರು. ಒಟ್ಟು ಅರವತ್ತು ಕಂಪ್ಯೂಟರು, ಕೊನೆಯದರ ನಂಬರು ಅರವತ್ತೊಂದು.

ಈಗ ನನ್ನ ಕೆಲಸದ ವಿಷಯ ಸ್ವಲ್ಪ ಹೇಳಬೇಕು. ಫೈರ್‌ವಾಲ್ ಅಂದರೆ ಏನೇ ಎಂದು ಅಕ್ಕ ಒಮ್ಮೆ ಕೇಳಿದ್ದಳು. ಮದುವೆ ಛತ್ರದ ಬಾಗಿಲಲ್ಲಿ ಪಟ್ಟಿ ಹಿಡಿದು ನಿಂತವನು ಅಂದುಕೋ, ಅಂದಿದ್ದೆ. ಕಂಪ್ಯೂಟರ್ ಕಳಿಸುವ ಪ್ರತಿಯೊಂದು ಮಾತೂ ಸಣ್ಣ ಸಣ್ಣ ಲಕೋಟೆಗಳಾಗಿ ಹೊರಡುತ್ತದೆ. ನಾವು ಅದನ್ನು ಪ್ಯಾಕೆಟ್ ಎನ್ನುತ್ತೇವೆ. ಪ್ರತಿ ಲಕೋಟೆಯ ಮೇಲೂ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು ಎಂಬ ವಿಳಾಸವಿರುತ್ತದೆ. ವಿಳಾಸವೆಂದರೆ ಒಂದಿಷ್ಟು ಅಂಕಿ, ಅಷ್ಟೆ. ಬಾಗಿಲಲ್ಲಿ ನಿಂತವನು ಲಕೋಟೆ ಒಡೆದು ಓದುವುದಿಲ್ಲ. ವಿಳಾಸ ನೋಡುತ್ತಾನೆ, ಪಟ್ಟಿಯಲ್ಲಿದ್ದರೆ ಬಿಡುತ್ತಾನೆ. ಪಟ್ಟಿಯ ಒಂದೊಂದು ಸಾಲೂ ಒಂದೊಂದು ನಿಯಮ. ಅರವತ್ತು ಕಂಪ್ಯೂಟರಿಗೆ ಅರವತ್ತು ಸಾಲು ಬರೆಯುವ ತಾಳ್ಮೆ ಯಾರಿಗಿದೆ? ಅದಕ್ಕೇ ಮೊದಲ ಸಂಖ್ಯೆ, ಒಂದು ಅಡ್ಡಗೆರೆ, ಕೊನೆಯ ಸಂಖ್ಯೆ ಎಂದು ಒಂದೇ ಸಾಲಿನಲ್ಲಿ ಬರೆಯುತ್ತೇವೆ. ಎರಡು ತುದಿಯೂ ಸೇರಿ ನಡುವಿನವರೆಲ್ಲ ಒಳಗೆ, ಉಳಿದವರು ಹೊರಗೆ.

ಆ ಅಡ್ಡಗೆರೆಯ ಮೇಲೆ ನನಗೆ ಬಹಳ ಪ್ರೀತಿ. ಇಷ್ಟೇ ಇಷ್ಟು ಉದ್ದದ ಗೆರೆ ಅರವತ್ತು ಜನರನ್ನು ಸಂಭಾಳಿಸುತ್ತದೆ. ಭಾವನಿಗೆ ಅದು ಕಂಡರಾಗದು. "ಹೆಸರು ಹಿಡಿದು ಕರೀಬೇಕು ಕಣಮ್ಮ. ಆ ಮನೆಯಿಂದ ಈ ಮನೆವರೆಗೂ ಇರೋರೆಲ್ಲಾ ಬನ್ನಿ ಅಂದ್ರೆ ಮರ್ಯಾದಸ್ತರು ಯಾರು ಬರ್ತಾರೆ?" ಎನ್ನುತ್ತಿದ್ದರು. ಮದುವೆಗೆ ಕರೆಯುವುದಕ್ಕೂ ಪ್ಯಾಕೆಟ್ ಬಿಡುವುದಕ್ಕೂ ವ್ಯತ್ಯಾಸವಿದೆ ಭಾವ, ಎಂದು ನಾನು ಹಲ್ಲು ಕಚ್ಚುತ್ತಿದ್ದೆ.

ಪಟ್ಟಿಯ ಕೊನೆಯಲ್ಲಿ ಇನ್ನೊಂದು ನಿಯಮ ಇರುತ್ತದೆ. ಮೇಲಿನ ಯಾವ ಸಾಲಿಗೂ ಸೇರದವರನ್ನು ಏನು ಮಾಡಬೇಕು ಎಂಬುದು ಅದರಲ್ಲಿರುತ್ತದೆ. ಎರಡು ದಾರಿಗಳಿವೆ. ನಿನಗೆ ಪ್ರವೇಶವಿಲ್ಲ ಎಂದು ತಿರುಗಿ ಹೇಳಿ ಕಳಿಸಬಹುದು. ಅಥವಾ ಏನೂ ಹೇಳದೆ ಲಕೋಟೆಯನ್ನು ಬಿಸಾಕಬಹುದು. ಹೊರಗಿನ ಕಳ್ಳರಿಗೆ ಇಲ್ಲೊಂದು ಬಾಗಿಲಿದೆ ಎಂಬ ಸುಳಿವೂ ಸಿಗಬಾರದೆಂದು ನಮ್ಮ ಕಸುಬಿನವರು ಸಾಮಾನ್ಯವಾಗಿ ಎರಡನೆಯದನ್ನೇ ಆರಿಸುತ್ತಾರೆ. ನಾನೂ ಅದನ್ನೇ ಆರಿಸಿದ್ದೆ. ಪಟ್ಟಿಯಲ್ಲಿಲ್ಲದವರು ಎಷ್ಟು ಬಾಗಿಲು ತಟ್ಟಿದರೂ ಒಳಗಿನಿಂದ ಹೂಂ ಇಲ್ಲ, ಉಹೂಂ ಇಲ್ಲ.

ಮೊದಮೊದಲು ಕೇಂದ್ರದಲ್ಲಿ ನಾನು ಬರೆದಿದ್ದ ವ್ಯಾಪ್ತಿ ಬಹಳ ಅಗಲವಾಗಿತ್ತು. ಒಂದರಿಂದ ಇನ್ನೂರ ಐವತ್ತನಾಲ್ಕು, ಅಂದರೆ ಆ ಕಟ್ಟಡದಲ್ಲಿ ಯಾರಿದ್ದರೂ ಒಳಗೆ. ಒಂದು ಸಲ ಪರೀಕ್ಷೆ ನಡೆಸುವವರಿಂದ ಕಾಗದ ಬಂತು. ಪರೀಕ್ಷೆ ಬರೆಯುವ ಕಂಪ್ಯೂಟರುಗಳು ಬಿಟ್ಟು ಬೇರಾವುದೂ ಪ್ರಶ್ನೆಪತ್ರಿಕೆಯ ಸರ್ವರನ್ನು ಮುಟ್ಟಬಾರದು, ವ್ಯಾಪ್ತಿಯನ್ನು ಬಿಗಿ ಮಾಡಿ, ಎಂದು. ನ್ಯಾಯವಾದ ಮಾತೇ. ನಾನು ಅಕ್ಕನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಮೊದಲ ಹತ್ತು ವಿಳಾಸಗಳನ್ನು ಪ್ರಿಂಟರಿಗೆ, ಕ್ಯಾಮೆರಾಗಳಿಗೆ ಎಂದು ಎತ್ತಿಟ್ಟಿದ್ದೆ. ಒಂದನೇ ಕಂಪ್ಯೂಟರಿನ ವಿಳಾಸ ಹನ್ನೊಂದು, ಎರಡನೆಯದು ಹನ್ನೆರಡು. ಮೇಲೆ ಅಂಟಿಸಿದ ನಂಬರಿಗೆ ಹತ್ತು ಸೇರಿಸಿದರೆ ವಿಳಾಸ. ಅರವತ್ತು ಕಂಪ್ಯೂಟರು, ಹನ್ನೊಂದರಿಂದ ಎಪ್ಪತ್ತು. ಬರೆದೆ, ಉಳಿಸಿದೆ, ಮುಚ್ಚಿಟ್ಟೆ. ಅಕ್ಕ ಅವರೆಕಾಳು ಉಪ್ಪಿಟ್ಟು ಬಡಿಸಿದಳು.

ಪರೀಕ್ಷೆಯ ಹಿಂದಿನ ದಿನ ಎಲ್ಲ ಕಂಪ್ಯೂಟರುಗಳನ್ನೂ ಒಮ್ಮೆ ನಡೆಸಿ ನೋಡುವ ಪದ್ಧತಿಯಿದೆ. ಅರವತ್ತರಲ್ಲಿ ಐವತ್ತೆಂಟು ಅಭ್ಯರ್ಥಿಗಳಿಗೆ, ಕೊನೆಯ ಎರಡು ಯಾವುದಾದರೂ ಕೈಕೊಟ್ಟರೆ ಇರಲಿ ಎಂದು. ನಿಯಮ ಬದಲಿಸಿದ ಮೇಲಿನ ಮೊದಲ ಪರೀಕ್ಷೆಗೆ ಐವತ್ತೆಂಟೂ ಸರಿಯಾಗಿ ನಡೆದವು. ಹೆಚ್ಚಿನ ಎರಡರಲ್ಲಿ ಮೊದಲನೆಯದನ್ನು, ಅರವತ್ತನೇ ನಂಬರಿನದನ್ನು, ನೋಡಿದೆ. ಅದೂ ಸರಿಯಿತ್ತು. "ಕೊನೇದೂ ನೋಡ್ಬುಡಮ್ಮ" ಅಂದರು ಭಾವ. "ಅನ್ನ ಬೆಂದಿದೆಯಾ ಅಂತ ಒಂದೊಂದೇ ಅಗುಳು ಹಿಚುಕ್ತಾರಾ ಭಾವ?" ಎಂದು ಚೀಲ ಹೆಗಲಿಗೇರಿಸಿದೆ. ಆ ಮಾತು ಆಡಿದ ನನ್ನ ನಾಲಗೆಯನ್ನು ನಾನೇ ಎಷ್ಟು ಸಲ ಕಚ್ಚಿಕೊಂಡಿದ್ದೇನೋ.

ಮರುದಿನ ಬೆಳಿಗ್ಗೆ ಹೆಂಗಸರ ಸಾಲಿನಲ್ಲಿ ಪ್ರವೇಶಪತ್ರ ನೋಡುವ ಕೆಲಸ ನನಗೇ ಬಿತ್ತು. ಎಲ್ಲ ಇಪ್ಪತ್ತು ಇಪ್ಪತ್ತೆರಡರ ಹುಡುಗಿಯರು, ಬಾಯಲ್ಲಿ ಏನೇನೋ ಗುಣುಗುಣು ಹೇಳಿಕೊಳ್ಳುತ್ತ ಬರುತ್ತಿದ್ದರು. ಅವರ ನಡುವೆ ಒಬ್ಬರು ದೊಡ್ಡವರು. ನೀಲಿ ಸೀರೆ, ಕೈಯಲ್ಲಿ ಟಿಫನ್ ಚೀಲ, ಕಣ್ಣು ಕೆಂಪಗೆ. ಯಾರನ್ನೋ ಬಿಡಲು ಬಂದಿರಬೇಕೆಂದು "ಪೋಷಕರು ಕೆಳಗಿರಿ ಅಮ್ಮ" ಅಂದುಬಿಟ್ಟೆ.

"ನಾನೇ ಬರಿಯೋಳು ಮೇಡಂ" ಅಂದರು, ಪ್ರವೇಶಪತ್ರ ಮುಂದೆ ಹಿಡಿದು. "ಎಬ್ಬಾಳದ ಫ್ಯಾಕ್ಟ್ರಿ ಕ್ಯಾಂಟೀನಲ್ಲಿ ಕೆಲಸ. ನೈಟ್ ಶಿಫ್ಟ್ ಮುಗಿಸ್ಕಂಡು ಅಂಗೇ ಬಸ್ ಅತ್ತಿ ಬಂದ್ಬುಟ್ಟೆ. ಅಶೋಕಪುರಂಗೆ, ಮನೆಗೋಗಿ ಬರಕ್ಕೆ ಟೈಮಿರ್ಲಿಲ್ಲ."

ನನಗೆ ನಾಚಿಕೆಯಾಯಿತು. ಮಾತು ತಿರುಗಿಸಲು, "ಎಷ್ಟನೇ ಸಲ ಬರೀತಿದ್ದೀರಿ?" ಎಂದು ಕೇಳಿದೆ.

"ನಾಕನೇದು. ಕೊನೇದೂ ಇದೇಯ. ವಯಸ್ಸು ಮುಗೀತು. ಈ ಸಲನೇ ಅನ್ನೊಂದು ದಿನದಲ್ಲಿ ಒಳಗವ್ನಿ."

ಅರ್ಜಿ ಹಾಕಲು ಗರಿಷ್ಠ ವಯಸ್ಸು ಎಂದು ಒಂದು ಮಿತಿ ಇರುತ್ತದಲ್ಲ, ಅರ್ಜಿಯ ಕೊನೆಯ ದಿನಕ್ಕೆ ಅದನ್ನು ದಾಟಲು ಆಕೆಗೆ ಹನ್ನೊಂದು ದಿನ ಬಾಕಿಯಿತ್ತು. ಇದು ತಪ್ಪಿದರೆ ಮುಂದಿನ ಅರ್ಜಿಯಿಲ್ಲ. ಒಳ್ಳೇದಾಗಲಿ ಎಂದು ಒಳಗೆ ಕಳಿಸಿದೆ. ನಲವತ್ತನೇ ನಂಬರಿನ ಕಂಪ್ಯೂಟರು ಆಕೆಯದು.

ಪರೀಕ್ಷೆ ಹತ್ತು ಗಂಟೆಗೆ ಶುರು. ಹತ್ತೂವರೆಯೊಳಗೆ ಲಾಗಿನ್ ಆಗದವರು ಗೈರುಹಾಜರು, ಆಮೇಲೆ ಬ್ರಹ್ಮ ಬಂದರೂ ತೆರೆಯುವುದಿಲ್ಲ. ಹತ್ತಕ್ಕೆ ಐದು ನಿಮಿಷವಿದ್ದಾಗ ಇಪ್ಪತ್ಮೂರನೇ ನಂಬರಿನ ಪರದೆ ಕಪ್ಪಾಯಿತು. ಆ ಹುಡುಗನನ್ನು ಅರವತ್ತಕ್ಕೆ ಕೂರಿಸಿದೆವು, ಆತ ಕೂಡಲೇ ಲಾಗಿನ್ ಆದ. ಅದಾಗಿ ಎರಡೇ ನಿಮಿಷಕ್ಕೆ ನಲವತ್ತನೆಯದು ತನ್ನಷ್ಟಕ್ಕೆ ತಾನೇ ಆರಿ ಹತ್ತಿ, ಆರಿ ಹತ್ತಿ ಆಡತೊಡಗಿತು. ಭಾವ ಓಡಿ ಬಂದು ಕ್ಯಾಂಟೀನಿನ ಹೆಂಗಸನ್ನು ಎಬ್ಬಿಸಿ ಅರವತ್ತೊಂದನೇ ನಂಬರಿಗೆ ಕರೆದೊಯ್ದರು. "ಹೆದರ್ಕೋಬೇಡಿ ಅಮ್ಮ, ಅದಕ್ಕೇ ಇಟ್ಟಿರೋದು ಇದನ್ನ" ಎಂದು ಕುರ್ಚಿ ಎಳೆದು ಕೊಟ್ಟರು.

ಅರವತ್ತೊಂದು ಹತ್ತಿತು. ಪರದೆ ಬಂತು. ಸಂಪರ್ಕಿಸಲಾಗುತ್ತಿದೆ ಎಂದು ಒಂದು ಚಕ್ರ ತಿರುಗತೊಡಗಿತು. ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು.

ಹತ್ತು ಗಂಟೆಯಾಯಿತು. ಐವತ್ತೇಳು ಜನರ ಮೌಸುಗಳು ಟಕಟಕ ಅನ್ನತೊಡಗಿದವು. ನಾನು ಕೇಬಲ್ ಕಿತ್ತು ಮತ್ತೆ ಸಿಕ್ಕಿಸಿದೆ. ಚಕ್ರ ತಿರುಗುತ್ತಿತ್ತು. ಬೇರೆ ಕೇಬಲ್ ತಂದು ಹಾಕಿದೆ. ಎಲ್ಲ ಕೇಬಲ್‌ಗಳೂ ಬಂದು ಸೇರುವ ಸ್ವಿಚ್ಚಿನ ಪೆಟ್ಟಿಗೆಯಲ್ಲಿ ಬೇರೆ ತೂತಿಗೆ ಹಾಕಿದೆ. ಕಂಪ್ಯೂಟರನ್ನು ಆರಿಸಿ ಹಚ್ಚಿದೆ. ಅದಕ್ಕೇ ನಾಲ್ಕು ನಿಮಿಷ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಬೆಂಚಿನ ಕೆಳಗಿನಿಂದಲೇ ಭಾವನ ಮೇಲೆ ಹರಿಹಾಯ್ದೆ. "ಈ ವೈರಿಂಗ್ ಮಾಡಿದೋನು ಯಾವನು ಭಾವ? ಅಗ್ಗಕ್ಕೆ ಸಿಕ್ಕಿದ ಅಂತ ಯಾರನ್ನೋ ಹಿಡ್ಕೊಂಡು ಬಂದು ಮಾಡಿಸ್ಬುಟ್ರಾ?" ಎಂದು ಪಿಸುದನಿಯಲ್ಲೇ ಕಿರುಚಿದೆ. ಬೆವರಿನಲ್ಲಿ ಭಾವನ ಹಣೆಯ ವಿಭೂತಿ ಕರಗಿ ಹುಬ್ಬಿಗಿಳಿದಿತ್ತು.

ಆ ಹೆಂಗಸು ಮಾತ್ರ ಏನೂ ಕೇಳಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆಯನ್ನೇ ನೋಡುತ್ತ ಕೂತಿದ್ದರು. ಬೇರೆ ಯಾರಾದರೂ ಆಗಿದ್ದರೆ ಅಷ್ಟು ಹೊತ್ತಿಗೆ ಕೂಗಾಡಿ ಕಟ್ಟಡವನ್ನೇ ಎತ್ತಿ ಹಾಕುತ್ತಿದ್ದರು. ನಾನಾಗಿದ್ದರಂತೂ ಕೇಳುವುದೇ ಬೇಡ. ಎಷ್ಟು ಸಮಾಧಾನದ ಮನುಷ್ಯರಪ್ಪ ಎಂದು ಆ ಗಡಿಬಿಡಿಯಲ್ಲೂ ನನಗನ್ನಿಸಿತು.

ಹತ್ತೂ ಹದಿನೆಂಟಕ್ಕೆ ನನಗೆ ಬೇರೇನೂ ತೋಚದೆ ಒಳಕೋಣೆಗೆ ಹೋಗಿ ಫೈರ್‌ವಾಲಿನ ದಾಖಲೆ ತೆರೆದೆ. ಬಾಗಿಲಲ್ಲಿ ಯಾರನ್ನು ಬಿಟ್ಟೆ, ಯಾರನ್ನು ಬಿಸಾಕಿದೆ ಎಂದು ಅದು ಒಂದೊಂದಾಗಿ ಬರೆದಿಟ್ಟುಕೊಳ್ಳುತ್ತದೆ. ಅಲ್ಲೇನೂ ಇರುವುದಿಲ್ಲ ಎಂದೇ ತೆರೆದದ್ದು, ಯಾಕೆಂದರೆ ನಿಯಮ ಬರೆದವಳು ನಾನು. ನೋಡಿದರೆ ಪುಟದ ತುಂಬ ಒಂದೇ ಸಾಲು. ಎಪ್ಪತ್ತೊಂದು, ಬಿಸಾಕಲಾಗಿದೆ. ಎಪ್ಪತ್ತೊಂದು, ಬಿಸಾಕಲಾಗಿದೆ. ಎಪ್ಪತ್ತೊಂದು, ಎಪ್ಪತ್ತೊಂದು, ಎಪ್ಪತ್ತೊಂದು. ಕೆಳಗೆ ಎಳೆದಷ್ಟೂ ಅದೇ.

ಕಂಪ್ಯೂಟರು ಅರವತ್ತೇ ನಿಜ, ಆದರೆ ನಂಬರು ಅರವತ್ತೊಂದರವರೆಗೆ ಹೋಗಿದೆ. ಏಳಾದ ಮೇಲೆ ಒಂಬತ್ತು ಬಂದಿದೆಯಲ್ಲ. ಹದಿನೆಂಟನೇ ವಿಳಾಸದಲ್ಲಿ ಯಾರೂ ಇಲ್ಲ, ಅಲ್ಲಿ ಎಂದೂ ಯಾರೂ ಇರಲಿಲ್ಲ. ಆ ಇಲ್ಲದವರಿಗೆ ನಾನು ಬಾಗಿಲು ತೆರೆದಿಟ್ಟಿದ್ದೆ. ನೀಲಿ ಸೀರೆ ಉಟ್ಟು, ನಿದ್ದೆಗೆಟ್ಟು, ಕೊನೆಯ ಸಲ ಎಂದು ಬಂದು ಕೂತವರಿಗೆ ಮುಚ್ಚಿದ್ದೆ. ಎಣಿಸಿದ್ದು ಎಷ್ಟಿವೆ ಎಂದು, ಎಲ್ಲಿಂದ ಎಲ್ಲಿಯವರೆಗಿವೆ ಎಂದು ಹೋಗಿ ನೋಡಲೇ ಇಲ್ಲ. ಅಯ್ಯೋ ಶಿವನೇ ಎಂದು ತಲೆಯ ಮೇಲೆ ಕೈ ಹೊತ್ತುಕೊಂಡೆ.

ಸರಿಪಡಿಸುವುದು ಒಂದು ಅಂಕಿಯ ಕೆಲಸ. ಆದರೆ ಪರೀಕ್ಷೆ ನಡೆಯುತ್ತಿರುವಾಗ ನಿಯಮ ಮುಟ್ಟುವ ಹಾಗಿಲ್ಲ. ವೀಕ್ಷಕರ ಒಪ್ಪಿಗೆ ಬೇಕು, ಕಾರಣ ಬರೆದು ಕೊಡಬೇಕು. ಅಂದು ವೀಕ್ಷಕರಾಗಿ ಬಂದಿದ್ದವರು ಒಬ್ಬ ನಿವೃತ್ತ ಮೇಷ್ಟ್ರು. ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟುಕೊಂಡು ಕೂತಿದ್ದರು.

"ಕಾರಣ ಏನು? ಯಾರ ತಪ್ಪು? ಎರಡೂ ಬರೀರಿ. ನಾನು ಮೇಲಿನವರಿಗೆ ಫೋನ್ ಮಾಡ್ತೀನಿ" ಅಂದರು. ಗಡಿಯಾರದಲ್ಲಿ ಹತ್ತೂ ಇಪ್ಪತ್ತೊಂದು.

ಭಾವ ಜೇಬಿನಿಂದ ಪೆನ್ನು ತೆಗೆದು ಬರೆಯಲು ಬಗ್ಗಿಯೇಬಿಟ್ಟರು. "ಎಂಟು ಬಿಟ್ಟೋನು ನಾನೇ ಸಾರ್. ನನ್ನ ಮೂಢನಂಬಿಕೆಯಿಂದ ಹೀಗಾಯ್ತು ಅಂತ ಬರೀತೀನಿ."

ಇಷ್ಟು ವರ್ಷ ನಾನು ಹೇಳುತ್ತ ಬಂದಿದ್ದ ಮಾತೇ ಅದು. ಅವರ ಬಾಯಿಂದಲೇ ಬರುತ್ತಿತ್ತು, ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಹಾಗೆ ಬರೆದುಕೊಟ್ಟರೆ ಕೇಂದ್ರಕ್ಕೆ ಕೆಟ್ಟ ಹೆಸರು ಎಂದು ಅವರಿಗೆ ಗೊತ್ತಿಲ್ಲದೆ ಇರಲಿಲ್ಲ.

"ಕೊಡಿ ಇಲ್ಲಿ ಪೆನ್ನು" ಎಂದು ಕಿತ್ತುಕೊಂಡೆ. "ನೀವು ಎಂಟು ಬಿಟ್ಟಿದ್ದು ನನಗೆ ಗೊತ್ತಿತ್ತಲ್ವಾ ಭಾವ? ಗೊತ್ತಿದ್ದೂ ಬರೆದೋಳು ನಾನು. ಕೊನೇದನ್ನ ನೋಡು ಅಂದ್ರೂ ನೋಡಲಿಲ್ಲ. ಸುಮ್ನಿರಿ ನೀವು." ಮೇಲಿನ ಮಿತಿಯನ್ನು ಎಪ್ಪತ್ತೊಂದು ಎನ್ನುವ ಬದಲು ಎಪ್ಪತ್ತು ಎಂದು ಬರೆದದ್ದು ನನ್ನ ತಪ್ಪು, ಅಭ್ಯರ್ಥಿಯದು ಯಾವ ತಪ್ಪೂ ಇಲ್ಲ, ಎಂದು ಬರೆದು ಸಹಿ ಹಾಕಿದೆ.

ಮೇಷ್ಟ್ರು ಫೋನ್ ಹಚ್ಚಿದರು. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೇ ಸಲ ಎತ್ತಿದವರಿಗೆ ಎಲ್ಲ ಮೊದಲಿನಿಂದ ಹೇಳಬೇಕಾಯಿತು. ಮೇಷ್ಟ್ರು ಮೆಲ್ಲನೆಯ ಮಾತಿನವರು, ನಾನು ಉಗುರು ಕಚ್ಚುತ್ತ ಗಡಿಯಾರ ನೋಡುತ್ತಿದ್ದೆ. ಕೊನೆಗೆ ಅವರು ಫೋನ್ ಕಿವಿಯಲ್ಲಿದ್ದಂತೆಯೇ ನನ್ನತ್ತ ತಲೆಯಾಡಿಸಿದರು. ಹತ್ತೂ ಇಪ್ಪತ್ತಾರು. ನಾನು ಓಡಿದೆ. ಸೊನ್ನೆ ಅಳಿಸಿ ಒಂದು ಒತ್ತಿದೆ, ಉಳಿಸಿದೆ. ಹಾಲ್‌ನಿಂದ ಭಾವನ ದನಿ ಕೇಳಿತು. "ಬಂತು! ಬಂತು ಕಣಮ್ಮ!" ಪರೀಕ್ಷೆ ಬರೆಯುತ್ತಿದ್ದವರೆಲ್ಲ ತಿರುಗಿ ನೋಡಿದರಂತೆ, ಮೇಷ್ಟ್ರು ಗದರಿಸಿದರಂತೆ. ಆಕೆ ಲಾಗಿನ್ ಆದಾಗ ಹತ್ತೂ ಇಪ್ಪತ್ತೆಂಟು. ಲಾಗಿನ್ ಆದ ಹೊತ್ತಿನಿಂದ ಪೂರ್ತಿ ಎರಡು ಗಂಟೆ ಸಿಗುತ್ತದೆ, ಸಮಯವೇನೂ ಕಳೆದುಹೋಗಿರಲಿಲ್ಲ.

ಹನ್ನೆರಡಕ್ಕೆ ಎಲ್ಲರೂ ಎದ್ದು ಹೋದರು. ಹಾಲ್‌ನಲ್ಲಿ ಆಕೆ ಒಬ್ಬರೇ ಉಳಿದರು, ಎದುರಿಗೆ ಮೇಷ್ಟ್ರು. ನಾನೂ ಭಾವನೂ ಹೊರಗೆ ಮೆಟ್ಟಿಲ ಮೇಲೆ ಕೂತೆವು. ಭಾವ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲು ನನಗೆ ಕೊಟ್ಟರು. ಬೆಳಿಗ್ಗೆ ಅಷ್ಟು ಬೈಸಿಕೊಂಡವರು, ಒಂದು ಮಾತು ತಿರುಗಿ ಅನ್ನಬಾರದೇ? ಬೈದಿದ್ದರೆ ನನಗೂ ಹಗುರವಾಗುತ್ತಿತ್ತು.

"ವೈರಿಂಗ್ ಬಗ್ಗೆ ಅಂದಿದ್ದಕ್ಕೆ ಬೇಜಾರಾಯ್ತಾ ಭಾವ?"

"ಅದನ್ನ ಮಾಡಿದೋನು ಅಗ್ಗದೋನೇ ಬುಡು" ಎಂದು ನಕ್ಕರು. ಆಮೇಲೆ ಅಡಿಕೆ ಚೂರು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿ, "ಒಂದು ಕೆಲಸ ಮಾಡಣ. ಆ ಅರವತ್ತೊಂದನ್ನ ಕಿತ್ತು ಎಂಟು ಅಂತ ಅಂಟಿಸ್ಬುಡ್ತೀನಿ. ನಿನ್ನ ಲೆಕ್ಕಕ್ಕೂ ಸರಿ ಹೋಗುತ್ತೆ" ಅಂದರು.

ನನಗಾಗಿ ಎಂಟು ಅಂಟಿಸಲು ಹೊರಟಿದ್ದರು ಪುಣ್ಯಾತ್ಮ. ನನಗೆ ಅಳು ಬಂತು, ಅದನ್ನು ತೋರಿಸಿಕೊಳ್ಳಬಾರದೆಂದು ಗದರಿದೆ. "ಏನೂ ಬೇಡ. ಎಂಟು ಸಿಕ್ಕಿದ್ದಕ್ಕೆ ಯಾವಳೋ ಅಳ್ತಾ ಕೂತ್ರೆ ಆಮೇಲೆ ನೀವೇ ಕಣ್ಣೊರೆಸ್ತಾ ನಿಲ್ತೀರಾ?" ಭಾವ ಕಾಫಿ ಕುಡಿಯುತ್ತ ಹೂಂ ಅಂದರು. ಮುಂದಿನ ವಾರ ನಾನು ಮಾಡಿದ ಬದಲಾವಣೆಗಳೇ ಬೇರೆ. ಒಂದೊಂದು ಬೆಂಚಿನ ಮುಂದೂ ನಿಂತು ನಂಬರು ಓದಿ, ಎಲ್ಲಕ್ಕಿಂತ ಚಿಕ್ಕದು ಯಾವುದು, ದೊಡ್ಡದು ಯಾವುದು ಎಂದು ಬರೆದುಕೊಂಡು, ಆಮೇಲೆ ವ್ಯಾಪ್ತಿ ಹಾಕಿದೆ. ಒಳಗಿನ ಕಂಪ್ಯೂಟರುಗಳಿಗೆ ಬಿಸಾಕುವ ನಿಯಮ ತೆಗೆದು, ಪ್ರವೇಶವಿಲ್ಲ ಎಂದು ತಿರುಗಿ ಹೇಳುವ ನಿಯಮ ಬರೆದೆ. ಹೊರಗಿನ ಕಳ್ಳರಿಗೆ ಉತ್ತರ ಕೊಡದಿದ್ದರೆ ನಡೆಯುತ್ತದೆ. ಮನೆಯೊಳಗೆ ಕೂತವರಿಗೆ ಕೊಡಬೇಕು.

ಅಂದು ನಾವಿನ್ನೂ ಮೆಟ್ಟಿಲ ಮೇಲೇ ಕೂತಿದ್ದಾಗ, ಹನ್ನೆರಡೂವರೆಗೆ ಆಕೆ ಹೊರಗೆ ಬಂದರು. ನಾವಿಬ್ಬರೂ ಎದ್ದು ನಿಂತೆವು. ಹೇಗಾಯಿತು ಎಂದು ಕೇಳುವ ಮೊದಲೇ ಆಕೆ ಎರಡೂ ಕೈ ಮುಗಿದುಬಿಟ್ಟರು.

"ದೊಡ್ಡ ಉಪಕಾರ ಆಯ್ತು ಮೇಡಂ. ನಿಮ್ಮಿಬ್ರುನೂ ಮರೆಯಾಕಿಲ್ಲ."

"ಉಪಕಾರ ಎಂಥದ್ದು ಕಣ್ರೀ?" ಅಂದೆ.

"ವಯಸ್ಸು ಮೀರೋಗದೆ ಅಂತ ಕಂಪ್ಯೂಟ್ರೇ ನನ್ನ ಬ್ಯಾಡ ಅಂದ್ಬುಡ್ತು ಅನ್ಕಂಡೆ. ಎಲ್ರುದೂ ಬತ್ತು, ನಂದೊಂದೇ ಬರ್ನಿಲ್ಲ ನೋಡಿ. ನೀವು ಅಂಗೆ ಓಡಾಡ್ತಿದ್ದುದ್ದು, ಆ ಮೇಷ್ಟ್ರು ಫೋನಲ್ಲಿ ಕೇಳ್ಕತಿದ್ದುದ್ದು ಎಲ್ಲಾ ಕಾಣ್ತಿತ್ತು. ಯಾರ್ ಯಾರ್ಗೋ ಕೇಳ್ಕಂಡು ನನ್ನ ಒಳಗೆ ಬುಡ್ಸುದ್ರಲ್ಲ, ಇನ್ನೇನ್ ಬೇಕು?"

ಇಪ್ಪತ್ತೆಂಟು ನಿಮಿಷ ಆಕೆ ಸಮಾಧಾನವಾಗಿ ಕೂತಿದ್ದರು ಎಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ತನ್ನ ಕಾಲ ಮುಗಿಯಿತು ಎಂದು ನಂಬಿ ಕೂತಿದ್ದರು.

"ಅಂದ್ಕೊಂಡ್ರೆ ಒಂದು ಮಾತು ಕೇಳಬಾರ್ದಾ? ಯಾಕ್ರೀ ಬರ್ತಿಲ್ಲ ಅಂತ ಜೋರು ಮಾಡಬಾರ್ದಾ?" ಎಂದೆ.

"ಏನಂತ ಜೋರ್ ಮಾಡ್ಲಿ ಮೇಡಂ? ಅನ್ನೊಂದು ದಿನ ತಾನೇ ಇದ್ದುದ್ದು. ನಾನೇ ಲೆಕ್ಕ ತೆಪ್ಪಿದ್ನೇನೋ ಅನ್ಕಂಡು ಸುಮ್ಕಾದೆ."

ನಾನು ಆಕೆಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಮೇಷ್ಟ್ರ ಮೇಜಿನ ಮೇಲೆ ನಾನು ಬರೆದುಕೊಟ್ಟಿದ್ದ ಕಾಗದ ಇನ್ನೂ ಇತ್ತು. ಅದನ್ನು ಗಟ್ಟಿಯಾಗಿ ಓದಿದೆ. ಮೇಲಿನ ಮಿತಿ ತಪ್ಪಾಗಿ ಬರೆದವಳು ನಾನು ಎಂಬಲ್ಲಿ ಬೆರಳಿಟ್ಟು ತೋರಿಸಿದೆ. ಅಭ್ಯರ್ಥಿಯದು ಯಾವ ತಪ್ಪೂ ಇಲ್ಲ ಎಂಬಲ್ಲಿಯೂ ತೋರಿಸಿದೆ. ಆಕೆ ಆ ಸಾಲನ್ನು ತಾವೇ ಇನ್ನೊಮ್ಮೆ ನಿಧಾನವಾಗಿ ಓದಿಕೊಂಡರು.

"ಅಂಗಾರೆ ನನ್ ವಯಸ್ಸು ಸರಿಯಾಗೇ ಅದಾ?"

"ಸರಿಯಾಗೇ ಇದೆ. ಯಾರೂ ನಿಮ್ಮನ್ನ ಒಳಗೆ ಬಿಡಿಸಲಿಲ್ಲ ಕಣ್ರೀ, ನೀವು ಒಳಗೇ ಇದ್ರಿ. ಲೆಕ್ಕ ತಪ್ಪಿದ್ದು ನಾನು."

ಆಕೆ ನನ್ನನ್ನು ನೋಡಿದರು, ಕಾಗದವನ್ನು ನೋಡಿದರು, ಆ ಅರವತ್ತೊಂದನೇ ಕಂಪ್ಯೂಟರನ್ನು ನೋಡಿದರು. ಮುಖ ನಿಧಾನವಾಗಿ ಕೆಂಪೇರಿತು.

"ಅಲ್ಲಾ ಮೇಡಂ," ಅಂದರು. "ಓದಿರೋರು ತಾನೇ ನೀವು? ಒಂದು ನಂಬ್ರ ನೆಟ್ಗೆ ಬರ್ಯಕ್ಕಾಗಲ್ವಾ? ಅಷ್ಟೊತ್ತೂ ಎದೆ ಒಡ್ಕಂಡು ಕೂತಿದ್ನಲ್ಲ ನಾನು! ರಾತ್ರಿಯೆಲ್ಲಾ ನೂರಾರು ಜನಕ್ಕೆ ಬಡಿಸ್ತೀನಿ, ಒಬ್ಬರ್ಗಾದ್ರೂ ತಟ್ಟೆ ತೆಪ್ಪಿಸಿದ್ದೀನಾ ಕೇಳಿ!"

ಭಾವ ನಡುವೆ ಬರಲು ಹೋದರು. ನಾನು ಕೈ ಅಡ್ಡ ಹಿಡಿದು ತಡೆದೆ. ಆಕೆ ಬೈಯುತ್ತಲೇ ಚೀಲ ತೆಗೆದುಕೊಂಡರು, ಬೈಯುತ್ತಲೇ ಚಪ್ಪಲಿ ಮೆಟ್ಟಿಕೊಂಡರು, ಬೈಯುತ್ತಲೇ ಮೆಟ್ಟಿಲಿಳಿದರು. ನಾನು ಒಂದಕ್ಕೂ ಎದುರುತ್ತರ ಕೊಡಲಿಲ್ಲ, ಕೊನೆಯ ಮಾತಿನವರೆಗೂ ನಿಂತು ಕೇಳಿಸಿಕೊಂಡೆ.